ಬೆಲೆ ಯಾಕೆ ಕಡಿಮೆ ಎಂದು ಮೊದಲು ಕೇಳಿ

(ಚಿಕ್ಕನಾಯಕನಹಳ್ಳಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 



ಈಗ ನಮ್ಮ ಜನರ ಬಾಯಲ್ಲಿ ಹೆಚ್ಚು ಕೇಳುವ ಮಾತು ಜಮೀನಿನದು. ಗಲ್ಫ್‌ನಲ್ಲಿ ದುಡಿಯುವ ಮಗ ಊರಿಗೆ ಹಣ ಕಳಿಸುತ್ತಾನೆ, ತಂದೆ ಸೈಟು ಹುಡುಕುತ್ತಾರೆ. ಬೆಂಗಳೂರಿನಲ್ಲಿ ಗುಜರಿ ವ್ಯಾಪಾರ ಮಾಡಿ ನಾಲ್ಕು ಕಾಸು ಉಳಿಸಿದವರು ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರು ಸುತ್ತ ಒಂದೆರಡು ಎಕರೆ ತೆಂಗಿನ ತೋಟ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹಲಾಲ್ ದುಡಿಮೆಯ ಹಣವನ್ನು ಹಲಾಲ್ ಆಸ್ತಿಯಲ್ಲಿ ಹಾಕುವುದು, ಮಕ್ಕಳನ್ನು ಪರರ ಮುಂದೆ ಕೈಚಾಚುವ ಸ್ಥಿತಿಯಲ್ಲಿ ಬಿಡದಿರುವುದು ದೀನ್ ಮೆಚ್ಚುವ ಕೆಲಸ.

ಜಮೀನಿನ ಕಡೆ ಜನ ತಿರುಗಲು ಇನ್ನೊಂದು ಕಾರಣವೂ ಇದೆ. ಬಡ್ಡಿ ಬೇಡ, ಹಲಾಲ್ ಲಾಭ ಸಾಕು ಎಂದು ನಂಬಿ ಬೆಂಗಳೂರಿನ ಐಎಂಎ ಕಂಪನಿಯಲ್ಲಿ ಹಣ ಇಟ್ಟ ಸಾವಿರಾರು ಕುಟುಂಬಗಳು 2019ರ ಜೂನ್‌ನಲ್ಲಿ ಬೀದಿಗೆ ಬಂದು ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಮಗಳ ಮದುವೆಗೆ ಇಟ್ಟ ಹಣ, ವಿಧವೆಯರ ಉಳಿತಾಯ, ಹಜ್ಜ್‌ಗೆ ಕೂಡಿಸಿದ ದುಡ್ಡು ಎಲ್ಲ ಅದರಲ್ಲಿತ್ತು. ಅಂದಿನಿಂದ ಜನ ಹೇಳುವುದು ಒಂದೇ ಮಾತು: ಜಮೀನಾದರೆ ಎಲ್ಲಿಗೂ ಓಡಿಹೋಗುವುದಿಲ್ಲ.

ಜಮೀನು ಓಡಿಹೋಗುವುದಿಲ್ಲ, ನಿಜ. ಆದರೆ ಅದರ ಮೇಲಿನ ಹಕ್ಕು ನಿಮ್ಮ ಕೈಗೆ ಬಂದೇ ಇರದಿದ್ದರೆ? ಹಕ್ಕು ಬಂದರೂ ಇನ್ನೊಬ್ಬರ ಕಣ್ಣೀರಿನೊಂದಿಗೆ ಬಂದಿದ್ದರೆ? ಒಳ್ಳೆಯ ವ್ಯಾಪಾರ ಎಂದರೆ ನಾವು ಸಾಮಾನ್ಯವಾಗಿ ಕಡಿಮೆ ಬೆಲೆಗೆ ಸಿಕ್ಕಿದ್ದು ಎಂದು ತಿಳಿಯುತ್ತೇವೆ. ಹತ್ತು ಲಕ್ಷದ ಸೈಟು ಆರು ಲಕ್ಷಕ್ಕೆ ಸಿಕ್ಕಿತು ಎಂದರೆ ಮಾಷಾ ಅಲ್ಲಾಹ್ ಎನ್ನುತ್ತೇವೆ. ಆ ನಾಲ್ಕು ಲಕ್ಷ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಬೆಲೆ ಸುಮ್ಮನೆ ಇಳಿಯುವುದಿಲ್ಲ. ಒಂದೋ ಕಾಗದದಲ್ಲಿ ದೋಷ ಇರುತ್ತದೆ, ಇಲ್ಲವೇ ಯಾರದೋ ಪಾಲು ಅದರಲ್ಲಿ ಅಡಗಿರುತ್ತದೆ, ಇಲ್ಲವೇ ಮಾರುವವನ ಕುತ್ತಿಗೆಗೆ ಬಂದಿರುತ್ತದೆ. ಈ ಮೂರೂ ಇಲ್ಲದೆ ಬೆಲೆ ಕಡಿಮೆ ಇದ್ದರೆ ಮಾತ್ರ ಅದು ಒಳ್ಳೆಯ ವ್ಯಾಪಾರ. ಆದ್ದರಿಂದ ಬೆಲೆ ಎಷ್ಟು ಕಡಿಮೆ ಎಂದು ಕೇಳುವ ಮೊದಲು ಯಾಕೆ ಕಡಿಮೆ ಎಂದು ಕೇಳಿ.

ಕಾಗದದ ದೋಷ

ಪವಿತ್ರ ಕುರ್‌ಆನಿನ ಅತಿ ದೀರ್ಘ ಆಯತ್ ಅಲ್‌ಬಕರ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನು ಇಟ್ಟುಕೊಳ್ಳಬೇಕು, ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬಾರದು ಎಂದು ಕಲಿಸುತ್ತದೆ. ಅಂದರೆ ಕಾಗದಪತ್ರ ನೋಡುವುದು ಅಪನಂಬಿಕೆಯಲ್ಲ, ಅದು ಅಲ್ಲಾಹನು ಕಲಿಸಿದ ಶಿಸ್ತು. ನಮ್ಮವರೇ ಅಲ್ಲವೇ, ಮಸೀದಿಯಲ್ಲಿ ಜೊತೆಗೆ ನಿಂತು ನಮಾಝ್ ಮಾಡುವವರಲ್ಲವೇ ಎಂದು ಕಾಗದ ನೋಡದೆ ಅಡ್ವಾನ್ಸ್ ಕೊಟ್ಟು, ಕೊನೆಗೆ ಮಾತು ಬಿಟ್ಟ ಕುಟುಂಬಗಳು ಎಷ್ಟೋ ಇವೆ.

ಅಗ್ಗವಾಗಿ ಸಿಗುವ ಜಮೀನುಗಳಲ್ಲಿ ನಾಲ್ಕು ಬಗೆಯವನ್ನು ಗುರುತಿಸಿಕೊಳ್ಳಿ.

ಮೊದಲನೆಯದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಬಡವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವುದನ್ನು ಪಿಟಿಸಿಎಲ್ ಎಂದು ಕರೆಯುವ 1978ರ ಕಾಯ್ದೆ ತಡೆಯುತ್ತದೆ. ಅಂಥ ಜಮೀನನ್ನು ಮರಳಿ ಕೊಡಿಸಲು ಅರ್ಜಿ ಹಾಕುವುದಕ್ಕೆ ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಮೂವತ್ತು ವರ್ಷದ ಹಿಂದೆ ಕೊಂಡ ತೋಟವಾದರೂ ಮರಳಿ ಹೋಗಬಹುದು. ಇದನ್ನು ಕೇವಲ ಕಾನೂನಿನ ತೊಡಕು ಎಂದು ನೋಡಬೇಡಿ. ಭೂಮಿಯೇ ಇಲ್ಲದವನಿಗೆ ಸಿಕ್ಕ ಒಂದು ತುಂಡು ನೆಲ ಅದು. ಅವನ ಬಡತನವನ್ನು ಬಳಸಿಕೊಂಡು ಅದನ್ನು ಕಿತ್ತುಕೊಳ್ಳುವುದು ಮುಸ್ಲಿಮನಿಗೆ ತಕ್ಕುದೇ? ಬಗರ್ ಹುಕುಂನಲ್ಲಿ ಮಂಜೂರಾದ ಜಮೀನಿಗೂ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ. ಮೂಲ ಮಂಜೂರಾತಿ ಪತ್ರ ಕೇಳಿ ಓದಿ.

ಎರಡನೆಯದು ಜಿಪಿಎ ಮೇಲೆ ಮಾರುವ ಸೈಟು. ಜಿಪಿಎ ಮೂಲಕ ನಡೆಸುವ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ತೀರ್ಪು ಕೊಟ್ಟಿದೆ. ನೋಂದಣಿಯಾದ ಕ್ರಯಪತ್ರವೇ ಬೇಕು. ಬರೀ ಅಗ್ರಿಮೆಂಟ್ ಮಾಡಿಕೊಂಡು, ಕ್ರಯವಾಗುವ ಮೊದಲೇ ಲಾಭ ಇಟ್ಟು ಮೂರನೆಯವರಿಗೆ ದಾಟಿಸುವವರೂ ಇದ್ದಾರೆ. ತನ್ನ ಬಳಿ ಇಲ್ಲದ್ದನ್ನು ಮಾರಬೇಡ ಎಂದು ಪ್ರವಾದಿ(ಸ) ಹಕೀಮ್ ಬಿನ್ ಹಿಝಾಮ್(ರ)ರಿಗೆ ತಾಕೀತು ಮಾಡಿದ್ದನ್ನು ಅವರು ನೆನಪಿಡಲಿ.

ಮೂರನೆಯದು ಕೃಷಿ ಜಮೀನನ್ನು ಭೂ ಪರಿವರ್ತನೆ ಮಾಡಿಸದೆ ಗುಂಟೆ ಲೆಕ್ಕದಲ್ಲಿ ಕೊಯ್ದು ಮಾರುವ ಕಂದಾಯ ಸೈಟುಗಳು. ಹೆದ್ದಾರಿ ಬರುತ್ತದೆ, ನಾಲೆ ನೀರು ಬರುತ್ತದೆ, ಬೆಲೆ ಎರಡು ಪಟ್ಟು ಆಗುತ್ತದೆ ಎಂದು ದಲ್ಲಾಳಿ ಹೇಳುತ್ತಾನೆ. ಲೇಔಟ್ ನಕ್ಷೆಗೆ ಅನುಮೋದನೆ ಇದೆಯೇ, ಖಾತೆ ಆಗುತ್ತದೆಯೇ, ದೊಡ್ಡ ಲೇಔಟ್ ಆಗಿದ್ದರೆ ರೇರಾ ನೋಂದಣಿ ಇದೆಯೇ ಎಂದು ಕೇಳಿದರೆ ಮಾತು ಬದಲಾಯಿಸುತ್ತಾನೆ.

ನಾಲ್ಕನೆಯದು ವಕ್ಫ್ ಆಸ್ತಿ. ಇದನ್ನು ನಾವು ನಮಗೆ ನಾವೇ ಗಟ್ಟಿಯಾಗಿ ಹೇಳಿಕೊಳ್ಳಬೇಕು. ಮಸೀದಿ, ದರ್ಗಾ, ಖಬ್ರಸ್ತಾನಗಳ ಹೆಸರಿನ ಜಮೀನನ್ನು ಯಾರೋ ಮುತವಲ್ಲಿ ಸಹಿ ಹಾಕಿದ ಮಾತ್ರಕ್ಕೆ ಕೊಳ್ಳಲು ಆಗುವುದಿಲ್ಲ. ಅದು ಅಲ್ಲಾಹನ ಹೆಸರಿಗೆ ಬಿಟ್ಟದ್ದು.

ಇವಲ್ಲದೆ, ಯಾವ ಜಮೀನೇ ಆಗಲಿ, ಹಿಂದಿನ ಹಲವು ವರ್ಷಗಳ ಪಹಣಿ, ಮ್ಯುಟೇಶನ್, ಋಣಭಾರ ಪತ್ರ ತೆಗೆಸಿ. ಸರ್ವೆಯವರನ್ನು ಕರೆಸಿ ಹದ್ದುಬಸ್ತು ಮಾಡಿಸಿ. ಚಕ್ಕುಬಂದಿಯಲ್ಲಿ ಬರೆದ ಕಲ್ಲು ನೆಲದ ಮೇಲೆ ಇದೆಯೇ ಎಂದು ನಡೆದು ನೋಡಿ. ಒಬ್ಬ ವಕೀಲರಿಗೆ ಕಾಗದ ತೋರಿಸಿ. ಅವರಿಗೆ ಕೊಡುವ ಶುಲ್ಕ ನಷ್ಟವಲ್ಲ. ಅನ್ಯಾಯವಾಗಿ ಒಂದು ಗೇಣು ನೆಲ ಕಬಳಿಸಿದವನ ಕೊರಳಿಗೆ ಕಿಯಾಮತ್ ದಿನ ಏಳು ಭೂಮಿಗಳ ಹೊರೆ ಬೀಳುತ್ತದೆ ಎಂಬ ಪ್ರವಾದಿ(ಸ)ರ ಎಚ್ಚರಿಕೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಬೇಲಿಯನ್ನು ಎರಡು ಅಡಿ ಪಕ್ಕಕ್ಕೆ ಸರಿಸುವವನು ಈ ಮಾತನ್ನು ನೆನಪಿಡಬೇಕು.

ಅಡಗಿರುವ ಪಾಲು

ಸಹೋದರರೇ, ಎರಡನೆಯ ಕಾರಣ ಹೆಚ್ಚು ಭಯದ್ದು. ಕಾಗದದಲ್ಲಿ ಎಲ್ಲ ಸರಿ ಇದ್ದೂ ಪಾಲು ನುಂಗಿರಬಹುದು.

ಒಂದು ಲೆಕ್ಕ ಮಾಡೋಣ. ಒಬ್ಬ ತಂದೆ 4 ಎಕರೆ ತೋಟ ಬಿಟ್ಟು ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದಾರೆ. ಸಾಲ, ವಸಿಯ್ಯತ್ ಏನೂ ಇಲ್ಲ. ಅನ್ನಿಸಾ ಅಧ್ಯಾಯದ ಕಾನೂನಿನಂತೆ ಹೆಂಡತಿಗೆ ಎಂಟನೆಯ ಒಂದು ಭಾಗ, ಅಂದರೆ 20 ಗುಂಟೆ. ಉಳಿದ ಮೂರೂವರೆ ಎಕರೆಯಲ್ಲಿ ಗಂಡುಮಕ್ಕಳಿಗೆ ತಲಾ 1 ಎಕರೆ, ಹೆಣ್ಣುಮಕ್ಕಳಿಗೆ ತಲಾ 20 ಗುಂಟೆ. ಈಗ ಇಬ್ಬರು ಅಣ್ಣತಮ್ಮಂದಿರು ತಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಂಡು 4 ಎಕರೆಯನ್ನೂ ನಿಮಗೆ ಮಾರಲು ಬಂದಿದ್ದಾರೆ. ಅವರದು 2 ಎಕರೆ. ಇನ್ನೆರಡು ಎಕರೆ ತಾಯಿ ಮತ್ತು ಅಕ್ಕತಂಗಿಯರದು. ಅರ್ಧ ಜಮೀನು ಅವರದಲ್ಲದ್ದರಿಂದಲೇ ಅವರು ಬೆಲೆ ಬಿಟ್ಟುಕೊಡಲು ಸಿದ್ಧರಿರುತ್ತಾರೆ. ಬೇಗ ಮುಗಿಸಿಕೊಳ್ಳಿ ಎಂದು ಅವಸರ ಮಾಡುವುದೂ ಅದಕ್ಕೇ.

ಅಕ್ಕತಂಗಿಯರು ಸಹಿ ಹಾಕಿದ್ದಾರೆ, ಹಕ್ಕು ಬಿಡುಗಡೆ ಪತ್ರ ಇದೆ ಎನ್ನುತ್ತಾರೆ. ಸಹಿ ಇರಬಹುದು. ಆದರೆ ಆ ಹೆಣ್ಣುಮಗಳಿಗೆ ತನ್ನ ಪಾಲು ಎಷ್ಟು, ಅದರ ಬೆಲೆ ಎಷ್ಟು ಎಂದು ಯಾರಾದರೂ ಹೇಳಿದ್ದಾರೆಯೇ? ತವರಿನ ಬಾಗಿಲು ಮುಚ್ಚಿಹೋಗುತ್ತದೆ ಎಂಬ ಹೆದರಿಕೆಯಿಂದ ಹಾಕಿದ ಸಹಿಯನ್ನು ಸಬ್ ರಿಜಿಸ್ಟ್ರಾರ್ ಒಪ್ಪಬಹುದು, ಅಲ್ಲಾಹನು ಒಪ್ಪುವನೇ? ಪರಸ್ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನಬಾರದು, ಉಭಯ ಸಮ್ಮತಿಯ ವ್ಯಾಪಾರವೇ ಆಗಬೇಕು ಎಂದು ಅನ್ನಿಸಾ ಅಧ್ಯಾಯದ 29ನೇ ಆಯತ್ ಕಟ್ಟುನಿಟ್ಟು ಮಾಡಿದೆ. ಮನಸ್ಸಿನ ಸಮ್ಮತಿ ಬೇರೆ, ಹೆಬ್ಬೆಟ್ಟಿನ ಸಮ್ಮತಿ ಬೇರೆ.

ಕೊಳ್ಳುವವನು ಇಷ್ಟು ಮಾಡಲಿ. ವಂಶವೃಕ್ಷ ತೆಗೆಸಲಿ. ಎಲ್ಲ ವಾರಸುದಾರರನ್ನೂ ಕರೆಸಿ, ಹೆಣ್ಣುಮಕ್ಕಳು ಇರುವಾಗಲೇ ಬೆಲೆ ಹೇಳಲಿ. ಅವರವರ ಪಾಲಿನ ಹಣ ಅವರವರ ಬ್ಯಾಂಕ್ ಖಾತೆಗೆ ಹೋಗಲಿ. ಹಣ ಬಂದ ಮೇಲೆ ಅಣ್ಣನಿಗೆ ಕೊಡುವುದೋ ಇಟ್ಟುಕೊಳ್ಳುವುದೋ ಅವಳ ಇಷ್ಟ. ಇದರಿಂದ ಕೋರ್ಟಿನ ಭಯವೂ ತಪ್ಪುತ್ತದೆ, ಪರಲೋಕದ ಭಯವೂ ಕಡಿಮೆಯಾಗುತ್ತದೆ.

ಮಾರುವವನ ಕಷ್ಟ

ಮೂರನೆಯ ಕಾರಣ ನಮ್ಮ ತೆಂಗಿನ ಸೀಮೆಗೆ ಚೆನ್ನಾಗಿ ಗೊತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ರೈತರು ಬೀದಿಗಿಳಿದರು. ಎರಡೇ ವರ್ಷದಲ್ಲಿ, 2025ರಲ್ಲಿ, ಅದೇ ಕೊಬ್ಬರಿ 20 ಸಾವಿರ ದಾಟಿತು. ಬೆಲೆ ಬಿದ್ದ ವರ್ಷ ಸಾಲ ತಾಳಲಾರದೆ ತೋಟ ಮಾರಿದವನಿಗೆ ಮರ ಸತ್ತಿರಲಿಲ್ಲ, ನೆಲ ಕೆಟ್ಟಿರಲಿಲ್ಲ, ಎರಡು ವರ್ಷ ಕಾಯುವ ಶಕ್ತಿ ಮಾತ್ರ ಇರಲಿಲ್ಲ.

ಕಷ್ಟದಲ್ಲಿರುವವನ ಜಮೀನು ಕೊಳ್ಳುವುದು ಹರಾಮ್ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಹಣ ಬೇಕು, ಯಾರಾದರೂ ಕೊಳ್ಳಲೇಬೇಕು. ಆಸ್ಪತ್ರೆಯ ಬಿಲ್ಲು ಕಟ್ಟಲು, ಸಂಘದ ಕಂತು ಕಟ್ಟಲು ಅವನು ಬಂದಿದ್ದಾನೆ. ಅವನ ಮುಖ ನೋಡಿ ಬೆಲೆ ಇಳಿಸುವುದೋ, ಮಾರುಕಟ್ಟೆಯ ಬೆಲೆ ನೋಡಿ ಕೊಡುವುದೋ ಎಂಬುದೇ ಪ್ರಶ್ನೆ.

ಜರೀರ್ ಬಿನ್ ಅಬ್ದುಲ್ಲಾಹ್(ರ)ರ ಒಂದು ಘಟನೆ ತಬರಾನಿಯಲ್ಲಿದೆ. ಅವರ ಆಳು 300ಕ್ಕೆ ಒಂದು ಕುದುರೆ ಗೊತ್ತುಮಾಡಿಕೊಂಡು ಬಂದ. ಜರೀರ್(ರ) ಕುದುರೆಯನ್ನು ನೋಡಿ, ಇದರ ಬೆಲೆ ಇನ್ನೂ ಹೆಚ್ಚು ಎಂದು ಮಾರುವವನ ಬಳಿ ತಾವೇ ಹೋದರು. ನೂರು ನೂರಾಗಿ ಏರಿಸುತ್ತ 800 ಕೊಟ್ಟು ಕೊಂಡರು. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುತ್ತೇನೆಂದು ತಾವು ಪ್ರವಾದಿ(ಸ)ರ ಕೈ ಹಿಡಿದು ಪ್ರತಿಜ್ಞೆ ಮಾಡಿದ್ದನ್ನು ಅವರು ಕಾರಣವಾಗಿ ಹೇಳಿದರು. ಎದುರಿನವನಿಗೆ ಬೆಲೆ ಗೊತ್ತಿಲ್ಲ ಎಂಬುದು ಅವರಿಗೆ ಲಾಭದ ದಾರಿಯಾಗಿ ಕಾಣಲಿಲ್ಲ. ಮಾರುಕಟ್ಟೆಯ ಧಾರಣೆ ತಿಳಿಯುವ ಮೊದಲೇ ಊರ ಹೊರಗೆ ಹೋಗಿ ವ್ಯಾಪಾರಿ ತಂಡದ ಸರಕು ಕೊಳ್ಳುವುದನ್ನು ಪ್ರವಾದಿ(ಸ) ತಡೆದದ್ದೂ ಇದೇ ಕಾರಣಕ್ಕೆ. ಬೆಲೆ ಗೊತ್ತಿಲ್ಲದ ವಿಧವೆಯ ಮನೆ ಬಾಗಿಲಿಗೆ ರಾತ್ರಿ ಹೋಗಿ ಅಡ್ವಾನ್ಸ್ ಕೊಟ್ಟು ಬರುವ ದಲ್ಲಾಳಿ ಅದನ್ನೇ ಮಾಡುತ್ತಿದ್ದಾನೆ.

ನಿಮಗೆ ಶಕ್ತಿ ಇದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ಎರಡು ಲಕ್ಷಕ್ಕಾಗಿ ಎರಡು ಎಕರೆ ಮಾರುವವನಿಗೆ ಕರ್ಝೆ ಹಸನ್ ಕೊಡಿ, ತೋಟ ಅವನ ಬಳಿಯೇ ಇರಲಿ. ಸಾಲಗಾರ ಇಕ್ಕಟ್ಟಿನಲ್ಲಿದ್ದರೆ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂದು ಕುರ್‌ಆನ್ ಕಲಿಸುತ್ತದೆ.

ಇಲ್ಲೇ ಭೋಗ್ಯದ ಮಾತನ್ನೂ ಹೇಳಬೇಕು. ಐದು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಮನೆಯಲ್ಲಿ ಇರುವುದು, ಅಥವಾ ತೋಟದ ಕಾಯಿ ತಿನ್ನುವುದು, ಕೊನೆಗೆ ಐದು ಲಕ್ಷ ಪೂರ್ತಿ ವಾಪಸ್ ಪಡೆಯುವುದು. ನಮ್ಮ ಕಡೆ ಇದನ್ನು ಒಳ್ಳೆಯ ಹೂಡಿಕೆ ಎನ್ನುತ್ತಾರೆ. ಯೋಚಿಸಿ ನೋಡಿ, ಕೊಟ್ಟದ್ದು ಸಾಲ, ಅಸಲು ಪೂರ್ತಿ ಬಂತು, ಮೇಲೆ ಮೂರು ವರ್ಷದ ಮನೆ ಅಥವಾ ಕಾಯಿ. ಸಾಲದ ಮೇಲೆ ಷರತ್ತು ಹಾಕಿ ಪಡೆಯುವ ಲಾಭ ಬಡ್ಡಿಯೇ ಎಂದು ಫುಕಹಾ ಹೇಳುತ್ತಾರೆ. ಬೇಕಿದ್ದರೆ ನ್ಯಾಯವಾದ ಬಾಡಿಗೆ ಗೊತ್ತುಮಾಡಿ, ತಿಂಗಳು ತಿಂಗಳು ಕೊಟ್ಟು ಇರಿ.

ಹಾಗಾದರೆ ಒಳ್ಳೆಯ ವ್ಯಾಪಾರ ಎಲ್ಲಿದೆ?

ಇದೆ. ಬೆಲೆ ಇಳಿಯಲು ನ್ಯಾಯವಾದ ಕಾರಣಗಳೂ ಇರುತ್ತವೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ತೋಟ ನೋಡಿಕೊಳ್ಳುವವರಿಲ್ಲ. ಮನೆ ಹಳೆಯದು, ಹೆಂಚು ಬದಲಿಸಬೇಕು. ಜಮೀನು ರಸ್ತೆಯಿಂದ ಒಳಗಿದೆ. ಸಸಿಗಳು ಇನ್ನೂ ಫಸಲಿಗೆ ಬಂದಿಲ್ಲ. ಬೋರ್‌ವೆಲ್‌ನಲ್ಲಿ ನೀರು ಕಡಿಮೆ ಎಂದು ಮಾರುವವನೇ ಹೇಳಿದ್ದಾನೆ. ಇಂಥಲ್ಲಿ ಕಡಿಮೆ ಬೆಲೆಗೆ ಕೊಂಡು, ದುಡಿದು, ದುರಸ್ತಿ ಮಾಡಿ ಬೆಲೆ ಹೆಚ್ಚಿಸಿಕೊಂಡರೆ ಆ ಲಾಭ ನಿಮ್ಮ ಬೆವರಿನದು.

ಮಾರುವವನೂ ದೋಷ ಮುಚ್ಚಿಡಬಾರದು. ಸಂತೆಯಲ್ಲಿ ಧಾನ್ಯದ ರಾಶಿಗೆ ಪ್ರವಾದಿ(ಸ) ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿತು. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂದರು. ಕಾಂಡ ಸೋರುವ ರೋಗ, ಅಣಬೆ ರೋಗ ಹತ್ತಿದ ಮರಗಳಿಗೆ ಸುಣ್ಣ ಬಳಿದು ತೋಟ ತೋರಿಸುವವನಿಗೂ ಈ ಮಾತು ಅನ್ವಯಿಸುತ್ತದೆ.

ಕೊಳ್ಳುವವನು ಆದಾಯದ ಲೆಕ್ಕ ಹಾಕಲಿ. ಉದಾಹರಣೆಗೆ, 25 ಲಕ್ಷದ ಮನೆಗೆ ತಿಂಗಳಿಗೆ 6,000 ಬಾಡಿಗೆ ಬಂದರೆ ವರ್ಷಕ್ಕೆ 72,000. ಕಂದಾಯ, ರಿಪೇರಿಗೆ 12,000 ಕಳೆದರೆ 60,000. ಹಾಕಿದ ಹಣ ಬಾಡಿಗೆಯಿಂದ ತಿರುಗಿ ಬರಲು 40 ವರ್ಷಕ್ಕೂ ಹೆಚ್ಚು ಬೇಕು. ತೋಟದ ಲೆಕ್ಕವೂ ಹಾಗೆಯೇ. 30 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 48 ಮರ. ಮರಕ್ಕೆ ವರ್ಷಕ್ಕೆ 80 ಕಾಯಿ ಎಂದಿಟ್ಟುಕೊಂಡರೆ 3,840 ಕಾಯಿ. ಕಾಯಿಗೆ 25 ರೂಪಾಯಿ ಇದ್ದ ವರ್ಷ 96,000 ಬರುತ್ತದೆ, 10 ರೂಪಾಯಿ ಇದ್ದ ವರ್ಷ 38,400 ಮಾತ್ರ. ಧಾರಣೆ ಏರಿದ ವರ್ಷದ ಲೆಕ್ಕ ತೋರಿಸಿ ಮಾರುವವರ ಮಾತಿಗೆ ಮರುಳಾಗಬೇಡಿ, ಬಿದ್ದ ವರ್ಷದ ಲೆಕ್ಕದಲ್ಲೂ ಆ ಬೆಲೆ ತಾಳುತ್ತದೆಯೇ ನೋಡಿ. ಬಡ್ಡಿ ಸಾಲ ಮಾಡಿ ಕೊಂಡರೆ ಆ ಬಿದ್ದ ವರ್ಷದಲ್ಲೇ ಜಮೀನು ಕೈಬಿಡುವುದು. ಒಬ್ಬನಿಗೆ ಆಗದಿದ್ದರೆ ಮೂವರು ಸೇರಿ ಪಾಲುದಾರಿಕೆಯಲ್ಲಿ ಕೊಳ್ಳಿ. ಯಾರ ಹಣ ಎಷ್ಟು, ಲಾಭ ನಷ್ಟ ಹೇಗೆ ಎಂದು ಬರೆದಿಡಿ.

ಕ್ರಯಪತ್ರದಲ್ಲಿ ನಿಜವಾದ ಬೆಲೆಯನ್ನೇ ಬರೆಸಿ. ಸ್ಟಾಂಪ್ ಶುಲ್ಕ ಉಳಿಸಲು ಸುಳ್ಳು ಬೆಲೆ ಬರೆಸಿ, ಕೆಳಗೆ ಸಾಕ್ಷಿ ಹಾಕಿಸುವುದು ಸುಳ್ಳು ಸಾಕ್ಷ್ಯವಲ್ಲದೆ ಮತ್ತೇನು? ಕೊಳ್ಳುವವನೂ ಮಾರುವವನೂ ನಿಜ ನುಡಿದರೆ ಆ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟರೆ ಅದು ಅಳಿದುಹೋಗುತ್ತದೆ ಎಂದು ಪ್ರವಾದಿ(ಸ) ತಿಳಿಸಿದ್ದಾರೆ.

ಮಾರುವಾಗ ನೆರೆಯವರನ್ನು ಮೊದಲು ಕೇಳಿ. ಪ್ರವಾದಿ(ಸ)ರು ಬಿಡುಗಡೆ ಮಾಡಿದ ಅಬೂ ರಾಫಿಅ್(ರ)ರಿಗೆ ಸಅದ್ ಬಿನ್ ಅಬೀ ವಕ್ಕಾಸ್(ರ)ರ ಅಂಗಳದಲ್ಲಿ ಎರಡು ಕೋಣೆಗಳಿದ್ದವು. ಸಅದ್(ರ) 4,000 ದಿರ್ಹಮ್‌ಗಿಂತ ಹೆಚ್ಚು ಕೊಡಲಾರೆ, ಅದೂ ಕಂತಿನಲ್ಲಿ ಎಂದರು. ಬೇರೆಯವರು 500 ದೀನಾರ್ ಕೊಡಲು ಸಿದ್ಧರಿದ್ದರು, ಅದು ಹೆಚ್ಚಿನ ಮೊತ್ತ. ಆದರೂ ನೆರೆಯವನಿಗೆ ಹೆಚ್ಚು ಹಕ್ಕಿದೆ ಎಂದು ಪ್ರವಾದಿ(ಸ)ರಿಂದ ಕೇಳಿದ್ದಕ್ಕಾಗಿ ಅವರು ಕಡಿಮೆ ಬೆಲೆಗೆ ಸಅದ್(ರ)ರಿಗೇ ಕೊಟ್ಟರು. ಇದು ಬುಖಾರಿಯಲ್ಲಿದೆ. ನೋಡಿ, ಇಲ್ಲೂ ಬೆಲೆ ಕಡಿಮೆಯೇ ಆಯಿತು. ಆದರೆ ಕೊಟ್ಟವನು ಮನಸಾರೆ ಕೊಟ್ಟ.

ಕೊಂಡ ಮೇಲೆ ಝಕಾತ್ ಮರೆಯಬೇಡಿ. ಮಾರಿ ಲಾಭ ಮಾಡಬೇಕೆಂದೇ ಕೊಂಡ ಸೈಟು ವ್ಯಾಪಾರದ ಸರಕು. ಪ್ರತಿ ವರ್ಷ ಅಂದಿನ ಮಾರುಕಟ್ಟೆ ಬೆಲೆಯ ಮೇಲೆ ಶೇ. 2.5 ಕೊಡಬೇಕು. 8 ಲಕ್ಷಕ್ಕೆ ಕೊಂಡದ್ದು ಇಂದು 12 ಲಕ್ಷವಾಗಿದ್ದರೆ ಝಕಾತ್ 30,000 ರೂಪಾಯಿ. ಬಾಡಿಗೆಗೆ ಕೊಟ್ಟ ಮನೆಯ ಬೆಲೆಗೆ ಝಕಾತ್ ಇಲ್ಲ, ಉಳಿದ ಬಾಡಿಗೆ ಹಣಕ್ಕೆ ಇದೆ. ತೋಟದ ಫಸಲಿನ ಉಶ್ರ್ ಬಗ್ಗೆ ಆಲಿಮರನ್ನು ಕೇಳಿಕೊಳ್ಳಿ.

ಕೊನೆಗೆ ಒಂದು ಮಾತು. ಉಮರ್(ರ)ರಿಗೆ ಖೈಬರ್‌ನಲ್ಲಿ ಜಮೀನು ಸಿಕ್ಕಿತು. ಅದಕ್ಕಿಂತ ಬೆಲೆಬಾಳುವ ಆಸ್ತಿ ಅವರಿಗೆ ಎಂದೂ ಸಿಕ್ಕಿರಲಿಲ್ಲ. ಏನು ಮಾಡಲಿ ಎಂದು ಅವರು ಪ್ರವಾದಿ(ಸ)ರನ್ನು ಕೇಳಿದರು. ಮೂಲವನ್ನು ಉಳಿಸಿ ಫಲವನ್ನು ದಾನ ಮಾಡು ಎಂಬ ಸಲಹೆ ಸಿಕ್ಕಿತು. ಮಾರಬಾರದು, ಉಡುಗೊರೆ ಕೊಡಬಾರದು, ವಾರಸಿಗೆ ಹೋಗಬಾರದು ಎಂದು ಉಮರ್(ರ) ಅದನ್ನು ವಕ್ಫ್ ಮಾಡಿದರು. ಬಡವರು, ಬಂಧುಗಳು, ದಾರಿಹೋಕರು, ಅತಿಥಿಗಳು ಅದರ ಫಲ ಉಂಡರು. ಹತ್ತು ಮರ ಕೊಳ್ಳುವ ಶಕ್ತಿ ಇದ್ದವನು ಒಂದು ಮರದ ಕಾಯಿಯನ್ನಾದರೂ ಅನಾಥ ಮಕ್ಕಳ ಓದಿಗೆ ಬಿಡಲಿ.

ಮುಂದಿನ ಬಾರಿ ದಲ್ಲಾಳಿ ಬಂದು ಒಳ್ಳೆ ರೇಟು ಇದೆ, ನಾಳೆಯೇ ಅಡ್ವಾನ್ಸ್ ಕೊಡಿ ಎಂದಾಗ ಕೈಯನ್ನು ಜೇಬಿಗೆ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಕಾಗದ ಪೂರ್ತಿ ಇದೆಯೇ? ಹೆಣ್ಣುಮಕ್ಕಳ ಪಾಲು ಅವರ ಕೈ ಸೇರುತ್ತದೆಯೇ? ಮಾರುವವನು ಯಾಕೆ ಮಾರುತ್ತಿದ್ದಾನೆ? ಉತ್ತರ ಸಿಗುವವರೆಗೆ ಕಾಯಿರಿ. ನಿಮ್ಮ ಅದೃಷ್ಟದಲ್ಲಿ ಬರೆದ ನೆಲ ಬೇರೆಯವರಿಗೆ ಹೋಗುವುದಿಲ್ಲ.

ಅಲ್ಲಾಹನು ನಮ್ಮ ಗಳಿಕೆಯನ್ನು ಹಲಾಲ್ ಆಗಿಸಲಿ, ನಮ್ಮ ಮನೆ ತೋಟಗಳಲ್ಲಿ ಬರಕತ್ ನೀಡಲಿ, ಯಾರ ಹಕ್ಕೂ ನಮ್ಮ ಕೊರಳಲ್ಲಿ ಉಳಿಯದಂತೆ ಕಾಪಾಡಲಿ. ಆಮೀನ್.